ಕಲ್ಲುನೆಲದ ಕೆಂಪು ಮದ್ಯ

ಒಳ್ಳೆಯ ಬೆಳೆಗೆ ಒಳ್ಳೆಯ ಮಣ್ಣು ಬೇಕೆಂಬುದು ಒಕ್ಕಲಿಗನ ಮಾತು. ಜೋಳಕ್ಕೂ ಕಬ್ಬಿಗೂ ಇದು ಸಲ್ಲುತ್ತದೆ. ಮದ್ಯದ ದ್ರಾಕ್ಷಿಗೆ ಮಾತ್ರ ಸಲ್ಲದು. ಉತ್ತರ ಪೋರ್ಚುಗಲ್ಲಿನ ದೋರು ನದಿಯ ಕಣಿವೆಯೇ ಇದಕ್ಕೆ ಸಾಕ್ಷಿ. 'ಪೋರ್ಟ್' ಎಂದು ಜಗತ್ತೆಲ್ಲ ಬಲ್ಲ ಸಿಹಿಯಾದ ಕೆಂಪು ಮದ್ಯದ ತವರು ಅದು. ನಮ್ಮ ವಾಚಕರಲ್ಲಿ ಬಹುಮಂದಿ ಅದರ ರುಚಿ ನೋಡಿರಲಿಕ್ಕಿಲ್ಲ. ನೋಡಿರೆಂದು ನಾವೂ ಹೇಳುವುದಿಲ್ಲ. ಆದರೆ ಅದು ಹುಟ್ಟುವ ಬಗೆ ತಿಳಿಯತಕ್ಕದ್ದು.

ಮೊದಲು ಹವೆ. ಅಟ್ಲಾಂಟಿಕ್ ಸಾಗರದ ಮೋಡಗಳನ್ನು ಮರಾಂವ್ ಬೆಟ್ಟಸಾಲು ತಡೆಯುತ್ತದೆ. ಮಹಾಬಳೇಶ್ವರದಲ್ಲಿ ಭೋರ್ಗರೆವ ಮಳೆ ವಿಜಾಪುರದ ಹೊತ್ತಿಗೆ ಬತ್ತುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣಿವೆಯ ಪಡುವಣ ತುದಿಯಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ. ಸ್ಪೇನಿನ ಗಡಿಯತ್ತ ಅದರ ಅರ್ಧದಷ್ಟು. ಅದೂ ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಗೆಯ ತಾಪ 40 ಡಿಗ್ರಿ ಮುಟ್ಟುವುದುಂಟು. 'ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ' ಎಂದು ಅಲ್ಲಿಯವರ ಗಾದೆ.

ಇನ್ನು ನೆಲ. ಅದು ಮಣ್ಣೆನ್ನುವುದಕ್ಕಿಂತ ಪದರು ಪದರಾದ ಷಿಸ್ಟ್ ಕಲ್ಲು. ನೆಟ್ಟಗೆ ನಿಂತ ಪದರುಗಳ ಬಿರುಕಿನಲ್ಲಿ ಮಳೆನೀರು ಆಳಕ್ಕಿಳಿಯುತ್ತದೆ. ಅದನ್ನರಸಿ ಬಳ್ಳಿಯ ಬೇರೂ ಮೀಟರುಗಟ್ಟಲೆ ಇಳಿಯುತ್ತದೆ. ಹಗಲು ಕಾದ ಕಲ್ಲು ಇರುಳಲ್ಲಿ ಆ ಕಾವನ್ನು ಬಿಟ್ಟುಕೊಡುತ್ತದೆ. ಸಾರವೂ ನೀರೂ ಕಡಿಮೆಯಾದ್ದರಿಂದ ಬಳ್ಳಿ ಎಲೆಯಾಗಿ ಸೊಕ್ಕದು. 'ತೊರಿಗ ನಾಸ್ಯೊನಾಲ್' ಎಂಬ ತಳಿಯಲ್ಲಂತೂ ಹಣ್ಣು ಕಿರಿದು, ರಸಕ್ಕಿಂತ ಸಿಪ್ಪೆಯ ಪಾಲೇ ಹೆಚ್ಚು. ಮದ್ಯದ ಕೆಂಪೂ ಒಗರೂ ಬರುವುದು ಸಿಪ್ಪೆಯಿಂದಲೇ. ರಸಕ್ಕೆ ಹುದುಗು ಬರುತ್ತಿರುವಾಗಲೇ ದ್ರಾಕ್ಷಿಯ ಮದ್ಯಸಾರ ಬೆರೆಸಿ ಅದನ್ನು ನಿಲ್ಲಿಸುತ್ತಾರೆ. ಹೀಗೆ ಸಿಹಿ ಉಳಿಯುತ್ತದೆ.

ನಿಸರ್ಗ ಕೊಟ್ಟದ್ದು ಇಷ್ಟು; ಮನುಷ್ಯ ಕೂಡಿಸಿದ್ದು ಗೋಡೆ. ಕಡಿದಾದ ಇಳಿಜಾರಿನಲ್ಲಿ ಕಲ್ಲೊಡೆದು, ಗಾರೆಯಿಲ್ಲದೆ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದರು. ಪೊಂಬಾಲನು ಮಂತ್ರಿಯಾಗಿದ್ದಾಗ, 1756ರಲ್ಲಿ, ಈ ಸೀಮೆಗೆ ಕಾನೂನಿನ ಎಲ್ಲೆ ಗೊತ್ತಾಯಿತು. 19ನೆಯ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಹೇನು ಬೇರುಗಳನ್ನು ಹಾಳುಮಾಡಿತು. ಆಗ ಬೀಳುಬಿದ್ದ ಎಷ್ಟೋ ಮೆಟ್ಟಿಲುಗಳು ಇಂದಿಗೂ ಬರಿದಾಗಿವೆ. ಉಳಿದ ತೋಟಗಳ ಚೆಲುವಿಗೆ ಮನ್ನಣೆಯಿತ್ತು 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗಿನ ಚಿಂತೆ ಬಿಸಿಲಿನದೇ. ಭೂಮಿ ಕಾಯುತ್ತಿದೆ. ತಾಪ ಮಿತಿಮೀರಿದರೆ ಹಣ್ಣಿನಲ್ಲಿ ಸಕ್ಕರೆ ಬೇಗ ಏರಿ, ಹುಳಿ ಇಳಿದು, ಬಣ್ಣ ಹಿಂದುಳಿಯುತ್ತದೆ. ಬೆಳೆಗಾರರು ಎತ್ತರದ ನೆಲವನ್ನೂ ಬಡಗಣ ಇಳಿಜಾರನ್ನೂ ಹುಡುಕತೊಡಗಿದ್ದಾರೆ. ಬಳ್ಳಿಯನ್ನು ಮೇಲೆ ನೆಡಬಹುದು. ತಾತ ಮುತ್ತಾತಂದಿರು ಕಟ್ಟಿದ ಗೋಡೆಗಳನ್ನು ಹೊತ್ತೊಯ್ಯುವವರಾರು?