ಗೆಳೆಯನಿಗೊಂದು ಹದವಾದ ಕತ್ತಿ

ಉಡುಗೊರೆಗೆಂದು ಕತ್ತಿ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಹೊಳಪಿನ ಕಡೆಗೆ. ಅಲಗು ಥಳಥಳಿಸಬೇಕು, ಹಿಡಿಯ ಮೇಲೆ ಹಿತ್ತಾಳೆಯ ಚಿತ್ತಾರ ಇರಬೇಕು, ಪೆಟ್ಟಿಗೆ ಚೆಂದ ಇರಬೇಕು. ಕತ್ತಿ ಹತ್ತಾರು ವರ್ಷ ಬಾಳುತ್ತದೋ, ಒಂದೇ ಮಳೆಗಾಲಕ್ಕೆ ಅಟ್ಟ ಸೇರುತ್ತದೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳೇ ಬೇರೆ. ಉಕ್ಕಿಗೆ ಹದ ಹಾಕಿದ ರೀತಿ, ಹಿಡಿಯೊಳಗೆ ಹೋಗಿರುವ ಲೋಹ, ಬೆನ್ನಿನಿಂದ ಬಾಯಿಗೆ ಬರುವಷ್ಟರಲ್ಲಿ ಅಲಗು ತೆಳುವಾಗಿರುವ ಪರಿ, ಈ ಮೂರನ್ನು ನೋಡಿ ಕತ್ತಿ ಕೊಂಡರೆ ಸಾಕು. ಕಷ್ಟವೆಂದರೆ, ಮೊದಲ ಎರಡು ಮೇಲ್ನೋಟಕ್ಕೆ ಕಾಣುವುದಿಲ್ಲ.

ಶಿವಮೊಗ್ಗ, ಭದ್ರಾವತಿ ಕಡೆಯವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಇಲ್ಲಿ ಕತ್ತಿಯಿಲ್ಲದೆ ದಿನ ಸಾಗುವುದಿಲ್ಲ. ತೋಟಕ್ಕೆ ಹೊರಟವರ ಸೊಂಟದ ಕೊಕ್ಕೆಯಲ್ಲಿ ಒಂದು ಕತ್ತಿ, ಅಡಿಕೆ ಸುಲಿಯಲು ಕೂತವರ ಮುಂದೆ ಹಲಗೆಗೆ ಕೂರಿಸಿದ ಮೆಟ್ಟುಗತ್ತಿ, ಅಡುಗೆಮನೆಯಲ್ಲಿ ಈಳಿಗೆಮಣೆ, ಬೇಲಿ ಸವರಲು ಮಚ್ಚು. ಹೀಗೆ ಕತ್ತಿಯನ್ನು ದಿನವಿಡೀ ಬಳಸುವ ಜನ ಇರುವುದರಿಂದಲೇ ಕುಲುಮೆಗಳು ಇನ್ನೂ ಪೂರ್ತಿ ಆರಿಲ್ಲ. ಬೇಕಾದ ಅಳತೆ ಹೇಳಿ ಕತ್ತಿ ಮಾಡಿಸಿಕೊಳ್ಳುವ ಅವಕಾಶ ದೊಡ್ಡ ನಗರಗಳ ಎಷ್ಟೋ ಜನರಿಗೆ ಇಲ್ಲ.

ಭದ್ರಾವತಿಯಂತೂ ಕಬ್ಬಿಣದಿಂದಲೇ ಬೆಳೆದ ಊರು. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿನಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದರ ಹಿಂದಿನ ಶಕ್ತಿ ಸರ್ ಎಂ. ವಿಶ್ವೇಶ್ವರಯ್ಯ. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕುಲುಮೆಗೆ ಕಲ್ಲಿದ್ದಲಿನ ಬದಲು ಮಲೆನಾಡಿನ ಕಾಡಿನ ಸೌದೆಯ ಇದ್ದಿಲನ್ನೇ ಹಾಕುತ್ತಿದ್ದರು. 1989ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು. ಮಿಶ್ರಲೋಹದ ಉಕ್ಕು, ವಿಶೇಷ ಉಕ್ಕುಗಳಿಗೆ ಹೆಸರಾಗಿದ್ದ ಈ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರಲ್ಲಿ, ಅದಕ್ಕೆ ನೂರು ತುಂಬಿದ ವರ್ಷವೇ. ಕಾರ್ಮಿಕರು ಬೀದಿಗಿಳಿದರು. ಊರಿಗೆ ಅನ್ನ ಕೊಟ್ಟ ಕಾರ್ಖಾನೆಯ ಈ ಸ್ಥಿತಿ ನೋಡಿದರೆ ಯಾರಿಗಾದರೂ ಕರುಳು ಚುರುಕ್ ಎನ್ನುತ್ತದೆ.

ಕನ್ನಡ ನಾಡಿನ ಉಕ್ಕಿನ ಕಥೆ ಇದಕ್ಕಿಂತ ಬಹಳ ಹಳೆಯದು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ ಕಡೆಯಲ್ಲಿ ಉಕ್ಕು ತಯಾರಾಗುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಸೇರಿಸಿ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಇದ್ದಿಲ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಗಿಡದ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ದಕ್ಷಿಣ ಭಾರತದ ಇಂಥ ಉಕ್ಕಿನ ಗುಟ್ಟು ತಿಳಿಯಲು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಕೂಡ ಪ್ರಯೋಗ ಮಾಡಿದ. ಫ್ಯಾರಡೆಯ ತಂದೆಯೂ ಕಮ್ಮಾರ. ಜೊತೆಗೆ ದುಡಿದ ಜೇಮ್ಸ್ ಸ್ಟೊಡಾರ್ಟ್ ಚಾಕು, ಕತ್ತರಿ ಮಾಡುವ ಕಸುಬಿನವನು. ಇಬ್ಬರೂ 1820ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು.

ಈ ಚರಿತ್ರೆಯ ಹೆಸರಿನಲ್ಲೇ ಇಂದು ಮಾರುಕಟ್ಟೆಯಲ್ಲಿ ಮೋಸವೂ ನಡೆಯುತ್ತದೆ. ಮೈತುಂಬ ಅಲೆಯಲೆ ಗೆರೆ ಇರುವ ‘ಡಮಾಸ್ಕಸ್’ ಕತ್ತಿಗಳನ್ನು ಉಡುಗೊರೆಗೆಂದೇ ಮಾರುತ್ತಾರೆ. ಹಳೆಯ ಡಮಾಸ್ಕಸ್ ಅಲಗಿನ ಗೆರೆಗಳು ಮೂಸೆಯ ಉಕ್ಕಿನೊಳಗಿಂದಲೇ ಮೂಡಿದವು. ಈಗಿನವು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ತೆಗೆದವು. ಅದೂ ಒಳ್ಳೆಯ ಕಸುಬೇ. ಆದರೆ ಅಗ್ಗದ ಮಾಲಿನಲ್ಲಿ ಗೆರೆ ಬರೀ ಮೇಲೆ ಅಚ್ಚು ಹಾಕಿದ್ದಾಗಿರುತ್ತದೆ. ಒಮ್ಮೆ ಸಾಣೆ ಹಿಡಿದರೆ ಅಳಿಸಿಹೋಗುತ್ತದೆ. ನಿಜವಾದ ಪದರದ ಗೆರೆ ಕತ್ತಿಯ ಬೆನ್ನಿನ ಮೇಲೂ ಮುಂದುವರಿದಿರುತ್ತದೆ. ಅಲ್ಲಿ ನುಣ್ಣಗಿದ್ದರೆ ಕೊಳ್ಳುವುದು ಬೇಡ.

ಕುಲುಮೆಯಲ್ಲಿ ಮಾಡಿಸುವುದಾದರೆ ಕಚ್ಚಾ ಮಾಲು ಬಹುತೇಕ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ. ಗುಜರಿ ಎಂದು ಮೂಗು ಮುರಿಯಬೇಕಿಲ್ಲ. ಬಾಗಿ ಮತ್ತೆ ನೆಟ್ಟಗಾಗಲೆಂದೇ ತಯಾರಾದ ಉಕ್ಕು ಅದು. ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲ ಇರುವುದರಿಂದ ಹದ ಚೆನ್ನಾಗಿ ಹಿಡಿಯುತ್ತದೆ, ಏಟಿಗೆ ಚೂರಾಗುವುದಿಲ್ಲ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿಗೆ ಹದ ಹಾಕಲು ಸಾವಿರ ಡಿಗ್ರಿಗೂ ಮೇಲಿನ ಶಾಖವನ್ನು ಅಳತೆ ತಪ್ಪದಂತೆ ಹಿಡಿದಿಡಬೇಕು. ಅದು ಕಾರ್ಖಾನೆಯ ಒಲೆಯ ಕೆಲಸ. ಅಡುಗೆಮನೆಗೆ ಸ್ಟೇನ್‌ಲೆಸ್ ಬೇಕೆಂದರೆ ಅಂಗಡಿಯಿಂದ ತರುವುದೇ ಸರಿ.

ಹದ ಹಾಕುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಡಿದು ರೂಪ ಕೊಟ್ಟ ಅಲಗನ್ನು ಕಮ್ಮಾರ ಮತ್ತೆ ಬೆಂಕಿಗಿಟ್ಟು ತಿದಿ ಒತ್ತಿಸುತ್ತಾನೆ. ಕಪ್ಪು ಹೋಗಿ ಕೆಂಪಾಗಿ, ಕೆಂಪು ಕಿತ್ತಳೆಯ ಕಡೆ ತಿರುಗುವವರೆಗೂ ಅವನ ಕಣ್ಣು ಬೇರೆಡೆ ಹೋಗುವುದಿಲ್ಲ. ಸುಮಾರು 770 ಡಿಗ್ರಿ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಉಷ್ಣಮಾಪಕ ಹೇಳಬೇಕಾದದ್ದನ್ನು ಬೆಂಕಿಯ ಬಣ್ಣವೇ ಅವನಿಗೆ ಹೇಳುತ್ತದೆ. ಇಕ್ಕಳದಲ್ಲಿ ಹಿಡಿದು ಬಾಯಿಯ ಕಡೆಯನ್ನಷ್ಟೇ ನೀರಿಗೋ ಎಣ್ಣೆಗೋ ತಾಗಿಸುತ್ತಾನೆ. ಚೊರ್ ಎಂದು ಸದ್ದಾಗಿ ಬಾಯಿ ಗಟ್ಟಿಯಾಗುತ್ತದೆ. ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಗೆ ಇಳಿದು ಅದರ ಪೆಡಸುತನವನ್ನು ಒಂದಿಷ್ಟು ಕಳೆಯುತ್ತದೆ. ಉಜ್ಜಿದ ಜಾಗದಲ್ಲಿ ತಿಳಿಹಳದಿ, ಆಮೇಲೆ ಕಂದು ಬಣ್ಣ ಹರಿದು ಬರುತ್ತದೆ. ನೀಲಿಗೆ ತಿರುಗುವ ಮೊದಲೇ ಪೂರ್ತಿ ಅದ್ದಿಬಿಡಬೇಕು. ಹದ ಹೆಚ್ಚಾದರೆ ಬಾಯಿ ಮುಕ್ಕಾಗುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. ಇಡೀ ಕತ್ತಿಯ ಭವಿಷ್ಯ ಈ ಕೆಲವು ಕ್ಷಣಗಳಲ್ಲಿದೆ, ಅದಕ್ಕೆ ತಕ್ಕ ಕೂಲಿ ಕೊಡಲು ಚೌಕಾಸಿ ಮಾಡಬಾರದು.

ಸಿದ್ಧ ಕತ್ತಿ ಕೊಳ್ಳುವವರೂ ಹದವನ್ನು ಪರೀಕ್ಷಿಸಬಹುದು. ಅಂಗಡಿಯವರು ಒಪ್ಪಿದರೆ ಬಾಯಿಯ ಮೇಲೆ ಸಣ್ಣ ಅರ ಒಮ್ಮೆ ಆಡಿಸಿ ನೋಡಬೇಕು. ಹದವಾದ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆತ್ತಗಿನದನ್ನು ತುಂಬ ಸಲೀಸಾಗಿ ಕೆರೆಯುತ್ತದೆ. ಬಾಯಿಯ ಅಂಚಿನಲ್ಲಿ ನೀಲಿ ಛಾಯೆ ಕಂಡರೆ ಮೆಷಿನ್ನಿನಲ್ಲಿ ಸಾಣೆ ಹಿಡಿಯುವಾಗ ಕಾದು ಹದ ಹೋಗಿದೆ ಎಂದರ್ಥ. ಬೆನ್ನನ್ನು ಕಣ್ಣಿನ ನೇರಕ್ಕೆ ಹಿಡಿದರೆ ಅಲಗು ಸೊಟ್ಟಗಿರುವುದೂ ತಿಳಿಯುತ್ತದೆ.

ಹಿಡಿಯ ವಿಚಾರದಲ್ಲಿ ಎರಡು ಪದ್ಧತಿ ಇವೆ. ಅಲಗಿನ ಲೋಹವೇ ಹಿಡಿಯ ಕೊನೆಯವರೆಗೂ ಚಪ್ಪಟೆಯಾಗಿ ಹೋಗಿ, ಎರಡೂ ಮಗ್ಗುಲಿಗೆ ಮರದ ಚಕ್ಕೆ ಇಟ್ಟು ರಿವೆಟ್ ಹೊಡೆದಿರುವುದು ಒಂದು. ಲೋಹದ ಚೂಪು ಬಾಲವನ್ನು ಕಾಯಿಸಿ ಮರದೊಳಗೆ ಇಳಿಸಿ, ಹಿಡಿಯ ಬಾಯಿಗೆ ಬಳೆ ಹಾಕಿ, ಆ ತುದಿಯಲ್ಲಿ ಹೊರಬಂದ ಮೊನೆಯನ್ನು ಮಡಚಿ ಬಡಿಯುವುದು ಇನ್ನೊಂದು. ಎರಡೂ ಗಟ್ಟಿಯೇ. ಪ್ಲಾಸ್ಟಿಕ್ ಹಿಡಿಯೊಳಗೆ ಒಂದಿಂಚು ಬಾಲ ಇಟ್ಟು ಅಂಟು ಹಾಕಿದ್ದು ಮಾತ್ರ ಅಪಾಯ. ಗಟ್ಟಿ ಕಾಯಿಗೆ ಏಟು ಹಾಕಿದಾಗ ಅಲಗು ಕಳಚಿ ಕಾಲಿಗೆ ಬೀಳಬಹುದು.

ಗೆಳೆಯ ಏನನ್ನು ಕತ್ತರಿಸುತ್ತಾನೆ, ಗೆಳತಿಯ ಅಂಗೈ ಎಷ್ಟಗಲ ಎಂಬುದನ್ನೂ ನೆನೆಯಬೇಕು. ತೋಟ ಇರುವವರಿಗೆ ತುದಿ ಬಾಗಿದ, ಮುಂಭಾರದ ಕತ್ತಿ. ಅಡುಗೆಯವರಿಗೆ ತೆಳು ಅಲಗಿನ ಆರೇಳು ಇಂಚು. ಚಾರಣಕ್ಕೆ, ಮರಗೆಲಸಕ್ಕೆ ಹೋಗುವವರಿಗೆ ನಾಲ್ಕು ಇಂಚು ಸಾಕು. ಸ್ವೀಡನ್ನಿನ ಮೊರಾ ಊರಿನ ಸರಳ ಚಾಕುಗಳು ಜಗತ್ತಿನಲ್ಲಿ ಹೆಸರು ಮಾಡಿದ್ದು ಸುಮಾರು ಈ ಅಳತೆಯಲ್ಲೇ. ಎಡಚರಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಒಂದೇ ಮಗ್ಗುಲಿಗೆ ಮಸೆದ ಕತ್ತಿ ಅವರ ಕೈಯಲ್ಲಿ ಅಡ್ಡ ಎಳೆಯುತ್ತದೆ. ಕಮ್ಮಾರನಿಗೆ ಮೊದಲೇ ಹೇಳಿದರೆ ಮಗ್ಗುಲು ಬದಲಿಸಿ ಕೊಡುತ್ತಾನೆ.

ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆಂಬ ನಂಬಿಕೆ ನಮ್ಮಲ್ಲಿದೆ. ಕೆಳಗಿಟ್ಟು, ಇನ್ನೊಬ್ಬರು ಎತ್ತಿಕೊಳ್ಳಲಿ ಎನ್ನುತ್ತಾರೆ. ನಂಬಿಕೆ ಇಲ್ಲದವರೂ ಹಾಗೆ ಮಾಡಬಹುದು, ಬೆರಳಿಗೆ ಕ್ಷೇಮ. ಇಂಗ್ಲೆಂಡಿನಲ್ಲಿ ಪಡೆದವರು ಒಂದು ನಾಣ್ಯ ಕೊಟ್ಟು ಕೊಂಡ ಲೆಕ್ಕ ಮಾಡುತ್ತಾರೆ. ಫಿನ್ಲೆಂಡಿನಲ್ಲಂತೂ ಪೂಕ್ಕೊ ಎಂಬ ಸಣ್ಣ ಕತ್ತಿಯನ್ನು ಉಡುಗೊರೆ ಕೊಡುವುದು ಗೌರವದ, ವಿಶ್ವಾಸದ ಗುರುತು.

ಕಾನೂನನ್ನೂ ತಿಳಿದಿರಬೇಕು. ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆಬಳಕೆ, ಕೃಷಿ, ಕೈಗಾರಿಕೆಗೆಂದು ಮಾಡಿದವಕ್ಕೆ ವಿನಾಯಿತಿ ಇದೆ. ಹಾಗೆಂದು ನಗರದಲ್ಲಿ ನಿಷೇಧಾಜ್ಞೆ ಇರುವಾಗ ಕತ್ತಿ ಹಿಡಿದು ಓಡಾಡುವಂತಿಲ್ಲ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಹೊರಟವರು ಕೈಚೀಲದಲ್ಲಿ ಒಯ್ಯುವಂತಿಲ್ಲ, ಸಾಮಾನಿನ ಜೊತೆ ಕಳಿಸಬೇಕು.

ಉಡುಗೊರೆಯ ಜೊತೆ ಒಂದು ಮಸೆಗಲ್ಲನ್ನೂ ನಾಲ್ಕು ಮಾತನ್ನೂ ಕೊಡಬೇಕು. ಅಡಿಕೆಯ ಚೊಗರು ತಾಗಿದರೆ ಕುಲುಮೆಯ ಕತ್ತಿ ಕಪ್ಪಾಗುತ್ತದೆ. ಅದು ತುಕ್ಕಲ್ಲ, ಉಜ್ಜಿ ತೆಗೆಯಬೇಕಾಗಿಲ್ಲ. ಕೆಂಪಗೆ ಪುಡಿ ಕಂಡರೆ ಮಾತ್ರ ತುಕ್ಕು. ಕೆಲಸ ಮುಗಿದ ಮೇಲೆ ಒರೆಸಿ ತೆಂಗಿನೆಣ್ಣೆ ಸವರಬೇಕು. ಚರ್ಮದ ಒರೆ ಚೆಂದವೇ, ಆದರೆ ಮಳೆಗಾಲದಲ್ಲಿ ತೇವ ಹಿಡಿದಿಡುತ್ತದೆ; ಆ ನಾಲ್ಕು ತಿಂಗಳು ಕತ್ತಿ ಒರೆಯ ಹೊರಗೇ ಇರಲಿ.