ಖಾಡಿಯ ಬೆಳಕು, ಕಿಸೆಯ ಕ್ಯಾಮೆರಾ

ಡೊಂಬಿವಲಿ, ಕಲ್ಯಾಣ್‌ನಲ್ಲಿ ಬೆಳಗ್ಗೆ ಲೋಕಲ್ ಹಿಡಿದು ಸಂಜೆ ಮರಳುವ ನಮಗೆ ನಿಸರ್ಗ ನೋಡಲು ಊರಿಗೇ ಹೋಗಬೇಕೆಂಬ ಭಾವನೆಯಿದೆ. ಆದರೆ ಫೋಟೋಗೆ ಒಪ್ಪುವ ಓರೆ ಬಿಸಿಲು ಸಿಗುವುದು ಇದೇ ಎರಡು ಹೊತ್ತಿನಲ್ಲಿ. ಮಟಮಟ ಮಧ್ಯಾಹ್ನ ನೆರಳು ಕಾಲಡಿಗೆ ಸರಿದು ಚಿತ್ರ ಸಪ್ಪೆಯಾಗುತ್ತದೆ. ನೆರಳಿಗೂ ಬೆಳಕಿನಷ್ಟೇ ಬೆಲೆಯಿದೆ. ಕರ್ನಾಟಕದ ಅರ್ಥ ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ 1983ರ ತಮ್ಮ ವನ್ಯಜೀವಿ ಛಾಯಾಚಿತ್ರ ಗ್ರಂಥಕ್ಕೆ 'ಸನ್‌ಲೈಟ್ ಆ್ಯಂಡ್ ಶ್ಯಾಡೋಸ್' ಎಂದೇ ಹೆಸರಿಟ್ಟಿದ್ದರು.

ನಮ್ಮ ಥಾಣೆ ಖಾಡಿಗೂ ಚಳಿಗಾಲದಿಂದ ಮೇ ತನಕ ರಾಜಹಂಸಗಳು ಬರುತ್ತವೆ. ಅವುಗಳ ತಾಣ 2015ರಲ್ಲಿ ಅಭಯಾರಣ್ಯವಾಗಿ, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಸಂಜೆ ಸೂರ್ಯನಿಗೆ ಎದುರಾಗಿ ನಿಂತು, ಮೊಬೈಲ್ ಪರದೆಯ ಬೆಳಗುವ ಆಕಾಶದ ಮೇಲೆ ಬೆರಳಿಟ್ಟು ಕ್ಲಿಕ್ಕಿಸಿದರೆ ಹಕ್ಕಿಗಳು ನೆರಳುಗಳಾಗಿ ಮೂಡುತ್ತವೆ. ನವಿಮುಂಬಯಿಯ ಜೌಗು ನೆಲಗಳಿಗೆ ಮಣ್ಣು ಬೀಳುತ್ತಿರುವಾಗ, ತಾರೀಖು, ಜಾಗ ಬರೆದಿಟ್ಟ ಚಿತ್ರ ನಾಳೆಗೆ ಸಾಕ್ಷಿಯೂ ಆಗಬಲ್ಲದು.