ಅರವತ್ತರ ನಂತರದ ಕಲಿಕೆ: ನಂಬಿಕೆ ಏನು, ಸತ್ಯ ಏನು?

ನಿವೃತ್ತರಾದವರು ಸಂಗೀತ ಪಾಠಕ್ಕೋ ಕಂಪ್ಯೂಟರ್ ತರಗತಿಗೋ ಹೊರಟರೆ ‘ಈ ವಯಸ್ಸಲ್ಲಿ ಇದೆಲ್ಲ ಯಾಕೆ?’ ಎಂಬ ಮಾತು ಮನೆಯೊಳಗಿಂದಲೇ ಬರುತ್ತದೆ. ಅದರ ಹಿಂದಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಸತ್ಯ: ಮಿದುಳು ಬಗ್ಗುತ್ತದೆ. ಅಭ್ಯಾಸ ಮಾಡಿದಂತೆ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುವುದು ಮುಪ್ಪಿನಲ್ಲೂ ನಿಲ್ಲುವುದಿಲ್ಲ. ಕೇರಳದ ಕಾರ್ತ್ಯಾಯಿನಿ ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 2018ರಲ್ಲಿ, 96ನೇ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆಗೆ ಕುಳಿತು ನೂರಕ್ಕೆ 98 ಅಂಕ ಪಡೆದರು. ಓದು, ಲೆಕ್ಕ ಎರಡರಲ್ಲೂ ಪೂರ್ತಿ ಅಂಕ. ಕೈತಪ್ಪಿದ ಎರಡು ಅಂಕ ಬರವಣಿಗೆಯವು.

ನಂಬಿಕೆ: ಅರವತ್ತಕ್ಕೆ ಅರಳು ಮರಳು.

ಸತ್ಯ: ವೇಗ ಕುಗ್ಗುತ್ತದೆ, ಹೆಸರುಗಳು ತಕ್ಷಣ ನೆನಪಾಗುವುದಿಲ್ಲ. ಆದರೆ ಪದಸಂಪತ್ತು ಅರವತ್ತು ದಾಟಿದ ಮೇಲೂ ಬೆಳೆಯಬಲ್ಲದು. ನಿತ್ಯದ ಕೆಲಸಕ್ಕೇ ಅಡ್ಡಿಯಾಗುವ ಮರೆವು ಮಾತ್ರ ವಯಸ್ಸಿನ ಸಹಜ ಗುಣವಲ್ಲ; ಅದಕ್ಕೆ ವೈದ್ಯರ ತಪಾಸಣೆ ಬೇಕು.

ನಂಬಿಕೆ: ದಿನಾ ಪದಬಂಧ ಬಿಡಿಸಿದರೆ ಸಾಕು.

ಸತ್ಯ: ಗೊತ್ತಿರುವುದನ್ನೇ ಮತ್ತೆ ಮಾಡುವುದಕ್ಕಿಂತ, ಕಷ್ಟಪಟ್ಟು ಹೊಸದನ್ನು ಕಲಿಯುವುದರಿಂದ ಹೆಚ್ಚು ಲಾಭ. ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರವತ್ತು ದಾಟಿದವರು ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆ ಡಿಜಿಟಲ್ ಫೋಟೊಗ್ರಫಿ ಇಲ್ಲವೇ ನಮ್ಮ ಕೌದಿಯಂಥ ಹೊದಿಕೆ ಹೊಲಿಯುವುದನ್ನು ಕಲಿತರು. ನೆನಪಿನ ಶಕ್ತಿ ಸುಧಾರಿಸಿದ್ದು ಇವರಲ್ಲಿ, ಅದರಲ್ಲೂ ಫೋಟೊಗ್ರಫಿ ಕಲಿತವರಲ್ಲಿ. ಮನೆಯಲ್ಲಿ ಪದಗಳ ಆಟ ಆಡಿದವರಲ್ಲಿ, ಬರೀ ಒಟ್ಟು ಸೇರಿ ಹರಟಿದವರಲ್ಲಿ ಅಷ್ಟು ಫಲ ಕಾಣಲಿಲ್ಲ.

ನಂಬಿಕೆ: ಕಲಿಯುತ್ತಿದ್ದರೆ ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಬರುವುದೇ ಇಲ್ಲ.

ಸತ್ಯ: ಅಂಥ ಖಾತರಿ ಯಾರೂ ಕೊಡಲಾರರು. ಆದರೆ 14 ಅಪಾಯಕಾರಿ ಅಂಶಗಳನ್ನು ನಿಭಾಯಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ತಜ್ಞರ ಆಯೋಗದ 2024ರ ವರದಿ ಅಂದಾಜಿಸಿದೆ. ಅಧಿಕ ರಕ್ತದೊತ್ತಡ, ಮಧುಮೇಹ, ಕಿವುಡು, ಖಿನ್ನತೆ, ಒಂಟಿತನ ಆ ಪಟ್ಟಿಯಲ್ಲಿವೆ. ಕಿವಿ ಸರಿಯಾಗಿ ಕೇಳದವರು ಮಾತುಕತೆಯಿಂದಲೇ ದೂರ ಸರಿಯುತ್ತಾರೆ. ಶ್ರವಣ ಸಾಧನ ಹಾಕಿಕೊಳ್ಳಲು ಸಂಕೋಚ ಬೇಡ.

ನಂಬಿಕೆ: ವಯಸ್ಸಾದವರು ಮಂಕಾಗಿ ಕೂರುವುದು ಸಹಜ.

ಸತ್ಯ: ಸಹಜವಲ್ಲ. ಎರಡು ವಾರ ಕಳೆದರೂ ಬಿಡದ ಬೇಸರ, ನಿದ್ದೆಗೇಡು, ಹಸಿವಿಲ್ಲದಿರುವುದು ಖಿನ್ನತೆಯ ಲಕ್ಷಣಗಳಿರಬಹುದು. ಹಿರಿಯರಲ್ಲಿ ಅದು ಮೈಕೈ ನೋವಾಗಿ, ಮರೆವಾಗಿಯೂ ತೋರುತ್ತದೆ. ಚಿಕಿತ್ಸೆಯಿಂದ ಗುಣವಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೊಂದು ಮಾತು. ಅಜ್ಜಿ ಮೊಬೈಲ್‌ನಲ್ಲಿ ಹಣ ಕಳಿಸುವುದು ಹೇಗೆಂದು ಕೇಳಿದರೆ, ಫೋನ್ ಕಿತ್ತುಕೊಂಡು ನೀವೇ ಮಾಡಿಕೊಡಬೇಡಿ. ಪಕ್ಕದಲ್ಲಿ ಕೂತು, ಒಂದೊಂದು ಗುಂಡಿಯನ್ನೂ ಅವರಿಂದಲೇ ಒತ್ತಿಸಿ. ನಾಳೆ ಮತ್ತೆ ಕೇಳಿದರೆ, ಬೇಸರಿಸದೆ ಮತ್ತೆ ಹೇಳಿಕೊಡಿ.